ಕಾಲೇಜು ಅರ್ಜಿ: ವಲಸೆ ದಾಖಲೆ ಇಲ್ಲದ ಮಕ್ಕಳಿಗೆ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ಈ ವರ್ಷ ಹೈಸ್ಕೂಲ್ ಮುಗಿಸುವ, ವಲಸೆ ಕಾಗದಪತ್ರ ಇಲ್ಲದ ಮಕ್ಕಳು ಮತ್ತು ಮನೆಯವರಿಗೆ ಈ ಮೆಸೇಜ್.

ಮೊದಲನೇದು, ಫಾಫ್ಸಾ ತುಂಬಬೇಡಿ. ಅದು ಅಮೆರಿಕದ ಕೇಂದ್ರ ಸರ್ಕಾರದ ನೆರವಿಗೆ ಹಾಕುವ ಅರ್ಜಿ, ಆ ನೆರವು ಡಾಕಾ (ಚಿಕ್ಕಂದಿನಲ್ಲಿ ಬಂದವರನ್ನು ತಾತ್ಕಾಲಿಕವಾಗಿ ಗಡೀಪಾರಿನಿಂದ ಕಾಯುವ ಯೋಜನೆ) ಇದ್ದರೂ ಸಿಗುವುದಿಲ್ಲ. ನೀವು ತುಂಬಬೇಕಾದ್ದು ರಾಜ್ಯದ್ದೇ ಆದ ಕ್ಯಾಲಿಫೋರ್ನಿಯಾ ಡ್ರೀಮ್ ಆಕ್ಟ್ ಅರ್ಜಿ. ಕ್ಯಾಲ್ ಗ್ರಾಂಟ್ (ವಾಪಸ್ ಕೊಡಬೇಕಿಲ್ಲದ ರಾಜ್ಯದ ನೆರವು) ಬೇಕಿದ್ದರೆ ಕೊನೇ ದಿನ ಸಾಮಾನ್ಯವಾಗಿ ಮಾರ್ಚ್ 2, ಆ ರಾತ್ರಿವರೆಗೂ ಎಳೆಯಬೇಡಿ ದಯವಿಟ್ಟು.

ಕಾಲೇಜು ಅರ್ಜಿಯಲ್ಲಿ ಸೋಷಿಯಲ್ ಸೆಕ್ಯೂರಿಟಿ ನಂಬರ್ ಕೇಳುವ ಕಡೆ, ನಂಬರ್ ಇಲ್ಲದಿದ್ದರೆ ಖಾಲಿ ಬಿಡಿ. ಸುಮ್ನೆ ಒಂಬತ್ತು ಸೊನ್ನೆ ಒತ್ತುವುದು, ಯಾರದ್ದೋ ನಂಬರ್ ಹಾಕುವುದು ಬೇಡವೇ ಬೇಡ.

ಎಬಿ 540 ಎಂಬ ರಾಜ್ಯ ಕಾನೂನಿನ ಅಫಿಡವಿಟ್ ಬೇರೆ, ಅದನ್ನು ಸೇರುವ ಕಾಲೇಜಿಗೇ ಕೊಡಬೇಕು. ಇಲ್ಲಿನ ಹೈಸ್ಕೂಲಲ್ಲಿ 3 ವರ್ಷ ಓದಿ ಪಾಸಾದವರಿಗೆ ಹೊರರಾಜ್ಯದವರ ದುಬಾರಿ ಫೀ ಇದರಿಂದ ತಪ್ಪುತ್ತದೆ, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಉಳಿತಾಯ ಇದೇ. ಎಚ್-4 ವೀಸಾ (ಎಚ್-1ಬಿ ಕೆಲಸದವರ ಕುಟುಂಬದ್ದು) ಚಾಲ್ತಿಯಲ್ಲಿರುವ ಮಕ್ಕಳ ಲೆಕ್ಕ ಬೇರೆ, ಕಾಲೇಜಿನಲ್ಲೇ ಕೇಳಿ.

ಶನಿವಾರ ಸಂಜೆ ಒಟ್ಟಿಗೆ ಕೂತು ತುಂಬೋಣ. ಅಪ್ಪ ಅಮ್ಮನ ಟ್ಯಾಕ್ಸ್ ಪೇಪರ್ ಇದ್ದರೆ ತನ್ನಿ. ಬರುವವರು ಗುರುವಾರದೊಳಗೆ ನನಗೊಬ್ಬಳಿಗೇ ಮೆಸೇಜ್ ಮಾಡಿ. ಗುಂಪಲ್ಲಿ ಯಾರ ವಲಸೆ ಸ್ಟೇಟಸ್ ಬಗ್ಗೆಯೂ ಬರೆಯಬೇಡಿ, ಅವರ ಒಳ್ಳೇದಕ್ಕೇ ಆದರೂ.