ವಾಯೇಜರ್: ಚಿಪ್ ಸತ್ತೇ ಇದೆ

ಮಾನ್ಯರೇ,

ಭೂಮಿಯಿಂದ ಬಹುದೂರ ಸಾಗಿರುವ ನಾಸಾದ ಬಾಹ್ಯಾಕಾಶ ನೌಕೆ ವಾಯೇಜರ್-1 ‘ರಿಪೇರಿಯಾಯಿತು’ ಎಂದರೆ ಕೆಟ್ಟ ಚಿಪ್ ಸರಿಹೋಯಿತೆಂದಲ್ಲ; ಅದನ್ನು ಬಳಸದೆ ದಾರಿ ಮಾಡಿಕೊಂಡರು, ಅಷ್ಟೆ. 2023ರ ನವೆಂಬರಿನಿಂದ ನೌಕೆಯ ಸಂಕೇತ ಬರುತ್ತಿದ್ದರೂ ಅದಕ್ಕೆ ಅರ್ಥವಿರಲಿಲ್ಲ. 2024ರ ಮಾರ್ಚ್‌ನಲ್ಲಿ ನಾಸಾದ ಎಂಜಿನಿಯರುಗಳು ದತ್ತಾಂಶ ಜೋಡಿಸುವ ಕಂಪ್ಯೂಟರಿನ ಮೆಮೊರಿಯನ್ನು ತರಿಸಿಕೊಂಡು ಹಳೆಯ ಪ್ರತಿಯೊಂದಿಗೆ ತಾಳೆ ನೋಡಿದರು: ಸುಮಾರು ಶೇ 3ರಷ್ಟು ಹಾಳು, ಕಾರಣ ಒಂದು ಕೆಟ್ಟ ಚಿಪ್. ಅಲ್ಲಿದ್ದ ಪ್ರೋಗ್ರಾಂ ಇಡಿಯಾಗಿ ಹಿಡಿಸುವಷ್ಟು ಜಾಗ ಬೇರೆಲ್ಲೂ ಇರಲಿಲ್ಲ. ತುಂಡು ಮಾಡಿ ಅಲ್ಲಲ್ಲಿ ತುರುಕಬೇಕಾಯಿತು. ತುರುಕುವುದು ಸುಲಭ, ಮೆಮೊರಿಯಲ್ಲಿನ ಹಳೆಯ ಜಾಗದ ವಿಳಾಸವನ್ನು ನೆಚ್ಚಿದ ಕಡೆಯೆಲ್ಲ ಹುಡುಕಿ ತಿದ್ದುವುದೇ ಕಷ್ಟ. ಒಂದು ಬಿಟ್ಟುಹೋದರೂ ಪ್ರೋಗ್ರಾಂ ಸತ್ತ ಚಿಪ್ಪಿಗೇ ಹೋಗಿ ನಿಲ್ಲುತ್ತದೆ. ಆಗ ಆದೇಶ ನೌಕೆಗೆ ತಲುಪಲು ಸುಮಾರು 22.5 ಗಂಟೆ ಬೇಕಿತ್ತು, ಉತ್ತರಕ್ಕೆ ಮತ್ತಷ್ಟೇ. ಏಪ್ರಿಲ್ 18ರಂದು ಮೊದಲ ತುಂಡು ಕಳಿಸಿದರು. 20ರಂದು ನೌಕೆಯ ಆರೋಗ್ಯದ ವಿವರ ಓದುವಂತೆ ಬಂತು.