ಫೀಸು ಕಟ್ಟುವ ಮುಂಚೆ ವಿಮಾನ ಎಣಿಸಿ

ಸಂಪಾದಕರಿಗೆ ನಮಸ್ಕಾರ.

ಪಿಯುಸಿ ಫಲಿತಾಂಶ ಬಂದ ವಾರ ನಿಮ್ಮ ಪುರವಣಿಯಲ್ಲಿ ಪೈಲಟ್ ಆಗುವುದು ಹೇಗೆ ಅಂತ ಅರ್ಧ ಪುಟ ಬಂದಿತ್ತು. ತಪ್ಪೇನೂ ಬರೆದಿಲ್ಲ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿರಬೇಕು, ಕಮರ್ಷಿಯಲ್ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು, ಮೆಡಿಕಲ್ ಪಾಸಾಗಬೇಕು, 200 ಗಂಟೆ ಹಾರಿರಬೇಕು. ಎಲ್ಲ ಸರಿ. ಆದರೆ ಆ 200 ಗಂಟೆ ಮುಗಿಯೋಕೆ ಎಷ್ಟು ತಿಂಗಳು ಬೇಕು ಅನ್ನುವುದು ಅದರಲ್ಲಿ ಇರಲಿಲ್ಲ. ಅದೊಂದು ಗೊತ್ತಿಲ್ಲದೆ ನಮ್ಮ ಮನೆ ಪಟ್ಟ ಪಾಡು ಇನ್ನೊಂದು ಮನೆಗೆ ಬೇಡ ಅಂತ ಬರೆಯುತ್ತಿದ್ದೇನೆ.

ನಾನು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ಮಗಳಿಗೆ ಹೈಸ್ಕೂಲಿನಿಂದಲೇ ಪೈಲಟ್ ಆಗುವ ಆಸೆ. ಫೀಸು ಸುಮಾರು 50 ಲಕ್ಷ. ಶಿಕ್ಷಣ ಸಾಲಕ್ಕೆ ಹೋದರೆ ಏಳೂವರೆ ಲಕ್ಷ ದಾಟಿದ ಮೇಲೆ ಅಡಮಾನ ಬೇಕು ಅಂದರು. ತೋಟ ಇದೆಯಲ್ಲ ಅಂದೆ. ಕೃಷಿ ಜಮೀನು ಈ ಸಾಲಕ್ಕೆ ನಡೆಯುವುದಿಲ್ಲ ಅಂದರು. ಕೊನೆಗೆ ನನ್ನ ತಮ್ಮ ಶಿವಮೊಗ್ಗದ ಅವನ ಮನೆಯ ಪತ್ರ ತಂದು ಬ್ಯಾಂಕಿಗೆ ಕೊಟ್ಟ. 35 ಲಕ್ಷ ಸಾಲ ಆಯಿತು, ಉಳಿದದ್ದು ಎರಡು ವರ್ಷದ ಅಡಿಕೆ ಮತ್ತು ಹೆಂಡತಿಯ ಬಂಗಾರ.

ಅವಳು ಸೇರಿದ ಹಾರಾಟ ಶಾಲೆಯ ಹೆಸರು ಬರೆಯುವುದಿಲ್ಲ. ಕರಪತ್ರದಲ್ಲಿ 14 ತಿಂಗಳು ಅಂತ ಇತ್ತು. 200 ಗಂಟೆಯನ್ನು 14 ತಿಂಗಳಿಗೆ ಹಂಚಿದರೆ ತಿಂಗಳಿಗೆ 14 ಗಂಟೆ ಚಿಲ್ಲರೆ. ಇಷ್ಟು ಸಣ್ಣ ಲೆಕ್ಕ ನಾನು ಅವತ್ತು ಹಾಕಿದ್ದರೆ, ಆಮೇಲೆ ಅಲ್ಲಿ ಎಷ್ಟು ವಿಮಾನ ಇವೆ, ಎಷ್ಟು ಮಕ್ಕಳಿದ್ದಾರೆ ಅಂತ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಮೊದಲ ನಾಲ್ಕು ತಿಂಗಳೊಳಗೆ ಮುಕ್ಕಾಲು ಪಾಲು ಫೀಸು ಕಟ್ಟಿಸಿಕೊಂಡರು, ನಾವೂ ಕಟ್ಟಿದೆವು.

ದಿನಾ ಬೆಳಿಗ್ಗೆ ಐದೂವರೆಗೆ ಮಗಳ ಫೋನು ಬರುತ್ತಿತ್ತು. ಬಿಳಿ ಶರ್ಟು ಹಾಕಿಕೊಂಡು, ಹಾರಿದ ಗಂಟೆ ಬರೆದಿಡುವ ಲಾಗ್‌ಬುಕ್ ಹಿಡಿದುಕೊಂಡು, ಹ್ಯಾಂಗರ್ ಮುಂದಿನ ಸಿಮೆಂಟು ಕಟ್ಟೆ ಮೇಲೆ ಇಪ್ಪತ್ತು ಮೂವತ್ತು ಮಕ್ಕಳು ಸಾಲಾಗಿ ಕೂರುತ್ತಿದ್ದರಂತೆ. ಇರುವುದು ಏಳು ಸೆಸ್ನಾ, ಅಂದರೆ ಕಲಿಯುವವರ ಸಣ್ಣ ವಿಮಾನ. ಅದರಲ್ಲಿ ಹಾರುವುದು ಮೂರು. ಎರಡಕ್ಕೆ ಬಿಡಿಭಾಗ ಹೊರದೇಶದಿಂದ ಬರಬೇಕು, ಇನ್ನೊಂದು ತಪಾಸಣೆಗೆ ನಿಂತಿದೆ, ಮತ್ತೊಂದರ ಇಂಜಿನ್ ಇಳಿಸಿಟ್ಟಿದ್ದಾರೆ. ವಿಮಾನ ಸಿಕ್ಕ ದಿನ ಇನ್‌ಸ್ಟ್ರಕ್ಟರ್ ಇರುತ್ತಿರಲಿಲ್ಲ. ಇಬ್ಬರೂ ಸಿಕ್ಕ ದಿನ ಮಂಜು. "ಅಪ್ಪ, ಇವತ್ತೂ ಆಗಲಿಲ್ಲ" ಅನ್ನುವುದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ.

ಮಂಜಿಗೆ, ಮಳೆಗೆ ಯಾರನ್ನೂ ದೂರುವಂತಿಲ್ಲ. ಕೊಳೆರೋಗಕ್ಕೆ ಔಷಧಿ ಹೊಡೆಸಲು ಮಳೆ ಬಿಡುವುದನ್ನೇ ಕಾಯುವ ನಮಗೆ ಅದು ಅರ್ಥವಾಗುತ್ತದೆ. ಆದರೆ ಮೂರು ವಿಮಾನಕ್ಕೆ ತೊಂಬತ್ತು ಮಕ್ಕಳನ್ನು ಸೇರಿಸಿಕೊಂಡದ್ದು ಮಳೆಯಲ್ಲ ಅಲ್ವಾ?

ರಜೆಗೆ ಬಂದಾಗ ಅವಳ ಲಾಗ್‌ಬುಕ್ ತೆರೆದು ನೋಡಿದೆ. ಮೊದಲ ಏಳು ತಿಂಗಳಿಗೆ 22 ಗಂಟೆ. ಒಂದು ಇಡೀ ತಿಂಗಳಿಗೆ ಒಂದೇ ಸಾಲು, ಅದರಲ್ಲಿ 50 ನಿಮಿಷ. ಇನ್ನೊಂದು ವಿಷಯ ಅವತ್ತೇ ನನಗೆ ತಿಳಿದದ್ದು. ಹಾರಾಟದ ಸಮಯ ಅಂದರೆ ಗಾಳಿಯಲ್ಲಿದ್ದ ಸಮಯ ಮಾತ್ರ ಅಲ್ಲ. ಹಾರಲು ಅಂತ ವಿಮಾನ ನಿಂತ ಜಾಗದಿಂದ ಅಲುಗಿದ ಹೊತ್ತಿನಿಂದ ವಾಪಸ್ ಬಂದು ನಿಲ್ಲುವವರೆಗೆ ಎಣಿಸುತ್ತಾರೆ. ನಿಯಮವೇ ಹಾಗೆ. ಆದರೆ ಪ್ರಯಾಣಿಕರ ವಿಮಾನ ಓಡಾಡುವ ಏರ್‌ಪೋರ್ಟಿನಲ್ಲಿ ಶಾಲೆ ಇದ್ದರೆ, ದೊಡ್ಡ ವಿಮಾನ ಇಳಿಯಲಿ ಅಂತ ರನ್‌ವೇ ಪಕ್ಕ ಇಂಜಿನ್ ಓಡಿಸಿಕೊಂಡು ಕಾದ ಹದಿನೈದು ನಿಮಿಷವೂ ಆ 200 ಗಂಟೆಯೊಳಗೇ ಸೇರುತ್ತದೆ. ಅಷ್ಟು ಹೊತ್ತಿನಲ್ಲಿ ಎರಡು ಸಲ ಇಳಿಯುವ ಅಭ್ಯಾಸ ಮಾಡಬಹುದಿತ್ತು.

ತಡ ಆದರೆ ಬರೀ ದಿನ ಹೋಗುವುದಿಲ್ಲ, ಕೈಯೂ ತಪ್ಪುತ್ತದೆ. ಸೋಲೋ, ಅಂದರೆ ಒಂಟಿಯಾಗಿ ಹಾರಲು ಬಿಟ್ಟ ಮಗು ಒಂದೂವರೆ ತಿಂಗಳು ನೆಲದ ಮೇಲೇ ಕೂತರೆ ಮತ್ತೆ ಇನ್‌ಸ್ಟ್ರಕ್ಟರ್ ಜೊತೆ ಹಾರಿ ತೋರಿಸಬೇಕು. ಒಟ್ಟು 200ರಲ್ಲಿ 100 ಗಂಟೆ ತಾನೇ ಪೈಲಟ್ ಆಗಿ ಹಾರಿರಬೇಕು, ಅದರಲ್ಲಿ 15 ಗಂಟೆ ಅರ್ಜಿ ಹಾಕುವ ಮುಂಚಿನ ಆರು ತಿಂಗಳಲ್ಲಿ ಆಗಿರಬೇಕು. ಮಧ್ಯೆ ನಿಂತು ನಿಂತು ಹಾರಿದವರು ಇದನ್ನೆಲ್ಲ ಹೊಂದಿಸಲು ಮತ್ತೆ ಗಂಟೆ ಕೊಳ್ಳಬೇಕು, ಮತ್ತೆ ದುಡ್ಡು. ನಮ್ಮ ಸಾಲದ ಬಡ್ಡಿ ಒಂದೇ ತಿಂಗಳಿಗೆ 30 ಸಾವಿರ ದಾಟುತ್ತಿತ್ತು, ಹಾಸ್ಟೆಲಿಗೆ 15 ಸಾವಿರ. 14 ತಿಂಗಳು ಅಂದದ್ದು 31 ತಿಂಗಳಾಯಿತು. ಬೇರೆ ಶಾಲೆಗೆ ಹೋಗೋಣ ಅಂದರೆ ಕಟ್ಟಿದ ಹಣ ವಾಪಸ್ ಇಲ್ಲ ಅಂತ ಕರಾರಿನಲ್ಲೇ ಬರೆದಿತ್ತು, ನಾನೇ ಸಹಿ ಹಾಕಿದ್ದೆ.

ಇದು ನಮ್ಮೊಬ್ಬರ ಕಥೆ ಅಂತ ತಿಳಿಯಬೇಡಿ. 2025ರ ಅಕ್ಟೋಬರಿನಲ್ಲಿ ಕೇಂದ್ರದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಮೊದಲ ಸಲ ದೇಶದ ಹಾರಾಟ ಶಾಲೆಗಳಿಗೆ ದರ್ಜೆ ಕೊಟ್ಟಿತು. ಮೇಲಿನ ಎರಡು ದರ್ಜೆ ಒಂದು ಶಾಲೆಗೂ ಸಿಗಲಿಲ್ಲ. ಅದಾಗಿ ಎರಡೇ ತಿಂಗಳಿಗೆ, ಡಿಸೆಂಬರಿನಲ್ಲಿ, ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಸಾಕಷ್ಟು ಜನ ಇಲ್ಲದೆ ಇಂಡಿಗೋ ವಿಮಾನಗಳು ಸಾಲು ಸಾಲಾಗಿ ರದ್ದಾಗಿ, ಬೆಂಗಳೂರಿನಲ್ಲೂ ಜನ ಸೂಟ್‌ಕೇಸ್ ಹಿಡಿದುಕೊಂಡು ನೆಲದ ಮೇಲೆ ಕೂತದ್ದನ್ನು ನಿಮ್ಮ ಪತ್ರಿಕೆಯೇ ಮುಖಪುಟದಲ್ಲಿ ಹಾಕಿತ್ತು. ಒಂದು ಕಡೆ ಪೈಲಟ್ ಸಾಲದು ಅಂತಾರೆ, ಇನ್ನೊಂದು ಕಡೆ ಕಲಿಯಲು ಹೋದ ಮಕ್ಕಳು ಕಟ್ಟೆ ಮೇಲೆ ಕೂತಿರುತ್ತಾರೆ.

ನಾನು ಕೇಳುವುದು ದೊಡ್ಡದೇನಲ್ಲ. ಫೀಸನ್ನು ಹಾರಿದ ಗಂಟೆಗೆ ತಕ್ಕಂತೆ ಕಂತಿನಲ್ಲಿ ತೆಗೆದುಕೊಳ್ಳಬೇಕು ಅನ್ನುವ ನಿಯಮ ಆಗಲಿ. ಹಾರುವ ಸ್ಥಿತಿಯ ವಿಮಾನ ಎಷ್ಟು, ಇನ್‌ಸ್ಟ್ರಕ್ಟರ್ ಎಷ್ಟು, ಹೋದ ವರ್ಷ ಒಬ್ಬ ವಿದ್ಯಾರ್ಥಿಗೆ 200 ಗಂಟೆ ಮುಗಿಯಲು ಎಷ್ಟು ತಿಂಗಳಾಯಿತು, ಈ ಮೂರನ್ನು ಪ್ರತಿ ಶಾಲೆಯೂ ಬೋರ್ಡಿಗೆ ಹಾಕಲಿ. ನಮ್ಮ ರಾಜ್ಯ ಸರ್ಕಾರದ ಕೈಯಲ್ಲೂ ಒಂದು ಕೆಲಸ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ, ಮಹಾರಾಜರ ಕಾಲದ ಸರ್ಕಾರಿ ಹಾರಾಟ ಶಾಲೆಯಲ್ಲಿ ನಡುವೆ ವರ್ಷಗಟ್ಟಲೆ ತರಬೇತಿಯೇ ನಿಂತಿತ್ತು. ಅಲ್ಲಿಗೆ ಬೇಕಾದಷ್ಟು ವಿಮಾನ, ಇನ್‌ಸ್ಟ್ರಕ್ಟರ್ ಕೊಟ್ಟರೆ ನಮ್ಮಂಥವರು ಹೊರ ರಾಜ್ಯಕ್ಕೆ ಹೋಗಬೇಕಾಗಿಲ್ಲ. ಬೆಳಗಾವಿ, ಕಲಬುರಗಿ ಏರ್‌ಪೋರ್ಟುಗಳಲ್ಲಿ ಖಾಸಗಿ ತರಬೇತಿಗೆ ಜಾಗ ಕೊಟ್ಟಿದ್ದಾರೆ, ಒಳ್ಳೆಯದೇ, ಆದರೆ ಸಾಲ ಮಾಡಿ ಬರುವ ಮಕ್ಕಳಿಗೆ ಸರ್ಕಾರಿ ಶಾಲೆ ಗಟ್ಟಿಯಾಗಿರಬೇಕು.

ಮಗಳು ಲೈಸೆನ್ಸ್ ತೆಗೆದುಕೊಂಡಳು. ವಿಮಾನ ಸಿಗದ ದಿನಗಳಲ್ಲೇ ಕೂತು ನ್ಯಾವಿಗೇಷನ್, ಮೀಟಿಯರಾಲಜಿ, ರೆಗ್ಯುಲೇಷನ್ ಎಲ್ಲ ಓದಿ ಪಾಸು ಮಾಡಿದಳು, ಪ್ರತಿ ಪೇಪರಿಗೂ 70 ಬರಬೇಕು. ಈಗ ಏರ್‌ಬಸ್ ಎ320 ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ದೊಡ್ಡ ವಿಮಾನ ಹಾರಿಸುವ ಅರ್ಹತೆ, ಬಾಕಿ ಇದೆ. ಅದಕ್ಕೆ ಮತ್ತೆ 15 ಲಕ್ಷದ ಮೇಲೆ ಬೇಕು. ಈ ಖರ್ಚನ್ನೂ ಪುರವಣಿಯಲ್ಲಿ ಬರೆಯಿರಿ, ಲೈಸೆನ್ಸ್ ಸಿಕ್ಕ ಕೂಡಲೇ ಕೆಲಸ ಅಂತ ನಂಬಿದವರು ಬಹಳ ಜನ.

ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರೇ, ಒಂದು ರೂಪಾಯಿ ಕಟ್ಟುವ ಮುಂಚೆ ಮೆಡಿಕಲ್ ಮಾಡಿಸಿ. ಕಲಿಯಲು ಶುರುಮಾಡುವಾಗ ಕೇಳುವ ಕ್ಲಾಸ್ 2 ಮಾತ್ರ ಅಲ್ಲ, ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ ಕ್ಲಾಸ್ 1 ಕೂಡ. ಮಗಳ ಬ್ಯಾಚಿನ ಒಬ್ಬ ಹುಡುಗ ಫೀಸು ಕಟ್ಟಿದ ಮೇಲೆ ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ನಿಂತುಹೋದ. ಆಮೇಲೆ ಶಾಲೆ ಇರುವ ಊರಿಗೆ ಹೋಗಿ ಎರಡು ದಿನ ಲಾಡ್ಜ್ ಮಾಡಿ ಉಳಿಯಿರಿ. ಆಫೀಸಿನ ಎಸಿ ರೂಮಿನಲ್ಲಿ ಕೂರಬೇಡಿ. ಬೆಳಿಗ್ಗೆ ಆರಕ್ಕೆ ಗೇಟಿನ ಹತ್ತಿರ ನಿಂತು ಎಷ್ಟು ವಿಮಾನ ಮೇಲೆ ಹೋಗುತ್ತವೆ ಅಂತ ಎಣಿಸಿ. ಸೀನಿಯರ್ ಮಕ್ಕಳು ಟೀ ಕುಡಿಯಲು ಹೊರಗೆ ಬರುತ್ತಾರೆ. ಸೇರಿ ಎಷ್ಟು ತಿಂಗಳಾಯಿತು, ಲಾಗ್‌ಬುಕ್ಕಿನಲ್ಲಿ ಎಷ್ಟು ಗಂಟೆ ಇದೆ ಅಂತ ಅವರನ್ನು ಕೇಳಿ. ಅವರು ನಿಜ ಹೇಳುತ್ತಾರೆ.

ಇಂತಿ,
ಒಬ್ಬ ತಂದೆ, ಸಾಗರ ತಾಲ್ಲೂಕು