ಈ ಕೆರೆಗೆ ಏರಿ ಕಟ್ಟಿದ್ದು ಯಾರು?

ನಮ್ಮ ಕೂಟದ ಪತ್ರಿಕೆಯ ಈ ಸಂಚಿಕೆ ನಾಳೆ ಬೆಳಿಗ್ಗೆ ನಿಮಗೆಲ್ಲ ಹೋಗಬೇಕು. ಈಗ ರಾತ್ರಿ ಹನ್ನೊಂದೂವರೆ. ಗಣೇಶ ಹಬ್ಬದ ಬಗ್ಗೆ ಬರೆಯೋಣ ಅಂತ ಕೂತೆ. ಆದರೆ ಹೋದ ಭಾನುವಾರ ಇಲ್ಲಿ ಅಮೆರಿಕದ ಡುಲೂತ್‌ನಲ್ಲಿ ಮಗಳು ಕೇಳಿದ ಪ್ರಶ್ನೆಯೇ ತಲೆಯಲ್ಲಿದೆ.

ಸುಪೀರಿಯರ್ ಸರೋವರದ ದಡದಲ್ಲಿ ನಿಂತಿದ್ದೆವು. ಮುಂದೆ ನೋಡಿದಷ್ಟೂ ನೀರು. ಆಗಸ್ಟ್‌ನಲ್ಲೂ ಕಾಲು ಜೋಮು ಹಿಡಿಯುವಷ್ಟು ತಣ್ಣಗಿನ ನೀರು. "ಅಮ್ಮಾ, ಇದರ ಏರಿ ಯಾರು ಕಟ್ಟಿದ್ದು?" ಅಂದಳು.

ನಾನು ಹೇಳುವ ಅಜ್ಜಿ ಊರಿನ ಕಥೆಯಿಂದ ಬಂದ ಮಾತು ಅದು. ನಮ್ಮೂರ ಕೆರೆ ಕೋಡಿ ಬಿದ್ದ ವರ್ಷ ನನಗೂ ಏಳೇ ವಯಸ್ಸು. ರಾತ್ರಿಯಿಡೀ ಮಳೆ ಹೊಯ್ದು, ಬೆಳಕು ಹರಿಯುವ ಹೊತ್ತಿಗೆ ಯಾರೋ ಬೀದಿಯಲ್ಲಿ "ಕೋಡಿ ಬಿತ್ತು" ಅಂತ ಕೂಗಿಕೊಂಡು ಹೋದರು. ಊರಿಗೆ ಊರೇ ಏರಿ ಮೇಲಿತ್ತು. ಅಜ್ಜಿ ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಹಸಿರು ಕಣ ಇಟ್ಟುಕೊಂಡು ನಡೆದಳು. ನಾನು ಚಪ್ಪಲಿ ಹಾಕಿಕೊಂಡೇ ನೀರಿಗಿಳಿಯಲು ಹೋದೆ. "ಬಿಟ್ಟು ಬಾರೇ, ಗಂಗಮ್ಮ ಅವಳು" ಅಂತ ಗದರಿದಳು. ತೂಬಿನ ಹತ್ತಿರ ನೀರಗಂಟಿ ಕೈ ಕಟ್ಟಿ ನಿಂತಿದ್ದ. ಅಜ್ಜಿ ಬಾಗಿನ ಬಿಟ್ಟು, ಬೊಗಸೆ ನೀರು ಕಣ್ಣಿಗೊತ್ತಿಕೊಂಡು ಎಷ್ಟೋ ಹೊತ್ತು ಮಾತಾಡದೆ ನಿಂತಿದ್ದಳು.

ಮಗಳಿಗೆ ಹೇಳಿದೆ, ಇದಕ್ಕೆ ಏರಿ ಯಾರೂ ಕಟ್ಟಿಲ್ಲ ಪುಟ್ಟಿ. ಸುಮಾರು 110 ಕೋಟಿ ವರ್ಷಗಳ ಹಿಂದೆ ಈ ಖಂಡ ಇಲ್ಲಿ ಸೀಳಿ ಎರಡಾಗಲು ಹೊರಟಿತ್ತು. ಲಾವಾ ಉಕ್ಕಿ ಉಕ್ಕಿ ಹರಿಯಿತು, ಅದರ ಭಾರಕ್ಕೆ ನಡುವಿನ ನೆಲ ಕುಸಿಯಿತು. ನಾವು ಪಿಕ್ನಿಕ್‌ನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚುವ ಉತ್ತರ ದಡದ ಕಪ್ಪು ಬಂಡೆಗಳು ಆ ಲಾವಾನೇ. ಮಕ್ಕಳು ಹುಡುಕುವ ಕೆಂಪು ಗೆರೆಯ ಅಗೇಟ್ ಕಲ್ಲುಗಳು ಅದರ ಗುಳ್ಳೆಗಳೊಳಗೆ ಬೆಳೆದವು. ಆಮೇಲೆ ಹಿಮಯುಗದ ಮಂಜುಗಡ್ಡೆ ಆ ತಗ್ಗನ್ನೇ ಕೆರೆದು ಕೆರೆದು ಆಳ ಮಾಡಿತು. ಸುಮಾರು 10 ಸಾವಿರ ವರ್ಷಗಳ ಹಿಂದೆ ಅದು ಹಿಂದೆ ಸರಿದಾಗ ಉಳಿದದ್ದು ಈ ನೀರು. 82,100 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ಜಾಸ್ತಿ. ಹರವಿನಲ್ಲಿ ಇದಕ್ಕಿಂತ ದೊಡ್ಡ ಸಿಹಿನೀರಿನ ಸರೋವರ ಭೂಮಿ ಮೇಲಿಲ್ಲ. ಅತಿ ಆಳದ ಕಡೆ 406 ಮೀಟರ್. ಇಲ್ಲಿನ ಮೂಲನಿವಾಸಿ ಓಜಿಬ್ವೆ ಜನ ಇದನ್ನು ಗಿಚಿಗಮಿ, ದೊಡ್ಡ ಕಡಲು, ಅಂತಲೇ ಕರೆದರು.

"ಹಾಗಾದ್ರೆ ಕೋಡಿ?" ಅಂದಳು. ಕೋಡಿ ಇದೆ! ಪೂರ್ವದ ತುದಿಯಲ್ಲಿ, ಸೂ ಸೇಂಟ್ ಮರೀ ಅನ್ನುವ ಊರಿನ ಹತ್ತಿರ, ನೀರು ಸೇಂಟ್ ಮೇರೀಸ್ ನದಿಯಾಗಿ ಹ್ಯೂರಾನ್ ಸರೋವರಕ್ಕೆ ಇಳಿಯುತ್ತದೆ. ಅಲ್ಲಿ 1921ರಲ್ಲಿ ಕಟ್ಟಿ ಮುಗಿಸಿದ 16 ಗೇಟುಗಳೂ ಇವೆ. ತೂಬು ಸಿಕ್ಕಿತು ಅಂತ ಅವಳಿಗೆ ಖುಷಿಯೋ ಖುಷಿ.

ಆದರೆ ಆ ಕೋಡಿ ಈ ಸರೋವರಕ್ಕೆ ಬಹಳ ಸಣ್ಣದು. ಒಳಗೆ ಬಂದ ನೀರು ಹೊರಗೆ ಹೋಗಲು ಸರಾಸರಿ 191 ವರ್ಷ ಬೇಕು. ಈ ಸಲ ಗಣಪತಿಯನ್ನು ಅಲ್ಲೇ ಬಿಡೋಣ ಅಂತ ಕೆಲವರು ಕೇಳಿದ್ದೀರಿ. ಆ ಆಸೆ ನನಗೂ ಇದೆ. ಆದರೆ ದಯವಿಟ್ಟು ಬೇಡ. ನಾವು ಬಿಟ್ಟ ಬಣ್ಣ, ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಕಾಲಿಡುವ ನೀರಿನಲ್ಲೂ ಇರಬಹುದು. ಬಣ್ಣವಿಲ್ಲದ ಮಣ್ಣಿನ ಗಣಪನನ್ನು ಹಾಲ್ ಹಿಂದೆ ಟಬ್ಬಿನಲ್ಲೇ ಬಿಡೋಣ, ಆ ಮಣ್ಣನ್ನು ಗಿಡಗಳಿಗೆ ಹಾಕೋಣ.

ಇನ್ನು ಪ್ರಕಟಣೆಗಳು, ಬೇಗ ಬೇಗ. ಗಣಪ ಮಾಡುವ ಶಿಬಿರ ಹಬ್ಬದ ಹಿಂದಿನ ಶನಿವಾರ, ಜೇಡಿಮಣ್ಣು ಕೂಟದ್ದೇ, ಮಕ್ಕಳಿಗೆ ಹಳೆ ಬಟ್ಟೆ ಹಾಕಿಸಿ. ಕನ್ನಡ ಶಾಲೆ ಸೆಪ್ಟೆಂಬರ್ ಎರಡನೇ ಭಾನುವಾರ ಶುರು. ರಾಜ್ಯೋತ್ಸವದ ನಾಟಕಕ್ಕೆ ಹೆಸರು ಈ ತಿಂಗಳೊಳಗೆ ಕೊಡಿ. ಪಾಯಸಕ್ಕೆ ದೊಡ್ಡ ಪಾತ್ರೆ ಇದ್ದವರು ತಿಳಿಸಿ.

ಪುಟ ಜೋಡಿಸುತ್ತಿದ್ದ ಗೆಳತಿ ಜುಲೈನಲ್ಲಿ ಊರಿಗೆ ವಾಪಸ್ ಹೋದರು. ಅಂದಿನಿಂದ ಒಬ್ಬಳೇ ಮಾಡುತ್ತಿದ್ದೇನೆ, ಆಗುತ್ತಿಲ್ಲ. ತಿಂಗಳಿಗೆ ಎರಡು ಸಂಜೆ ಯಾರಾದರೂ ಕೊಡುತ್ತೀರಾ? ಕನ್ನಡ ಟೈಪಿಂಗ್ ಬಾರದಿದ್ದರೂ ಪರವಾಗಿಲ್ಲ, ಕೂತು ಕಲಿಸುತ್ತೇನೆ. ಮುಂದಿನ ಸಂಚಿಕೆಯ ಮಕ್ಕಳ ಪುಟಕ್ಕೆ ನಿಮ್ಮೂರ ಕೆರೆ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿ. ಕೆರೆಯ ಹೆಸರು, ಕೋಡಿ ಯಾವ ಕಡೆಗಿತ್ತು, ಇಷ್ಟಿದ್ದರೂ ಸಾಕು.